ಲೈಪ್‌ಜಿಗ್‌ನ ಒಂದು ಸೋಮವಾರ

1990ರ ನವೆಂಬರ್ 26, ಸೋಮವಾರ. ಜರ್ಮನಿಯ ಲೈಪ್‌ಜಿಗ್ ಊರಿನವರಿಗೆ ಸೋಮವಾರದ ಸಂಜೆಗಳ ಮೇಲೆ ಬೇರೆಯದೇ ಅಭಿಮಾನ. ಅದಕ್ಕೂ ಹಿಂದಿನ ವರ್ಷ, ಪೂರ್ವ ಜರ್ಮನಿ ಇನ್ನೂ ಕಮ್ಯುನಿಸ್ಟ್ ದೇಶವಾಗಿದ್ದಾಗ, ಸಂತ ನಿಕೊಲಸ್ ಚರ್ಚಿನಲ್ಲಿ ಸೋಮವಾರದ ಪ್ರಾರ್ಥನೆ ಮುಗಿಸಿಕೊಂಡು ಜನ ಬೀದಿಗೆ ಇಳಿಯತೊಡಗಿದ್ದರು. 1989ರ ಅಕ್ಟೋಬರ್ 9ರ ಸೋಮವಾರ ಸುಮಾರು 70,000 ಜನ ಊರಿನ ವರ್ತುಲ ರಸ್ತೆಯಲ್ಲಿ ನಡೆದರು. ಗೋಲಿಬಾರ್ ಆಗಿಯೇ ತೀರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆಗಲಿಲ್ಲ. ಆ ಸಂಜೆ ಬೀದಿಯ ಧ್ವನಿವರ್ಧಕಗಳಲ್ಲಿ ಶಾಂತಿಗಾಗಿ ಒಂದು ಮನವಿ ಕೇಳಿಬಂತು. ಅದನ್ನು ಓದಿದ್ದ ದನಿ ಗೆವಾಂಡ್‌ಹೌಸ್ ವಾದ್ಯವೃಂದದ ನಿರ್ದೇಶಕ ಕುರ್ಟ್ ಮಾಸುರ್ ಅವರದು. ಮೊದಲೇ ಟೇಪಿಗೆ ಹಿಡಿದಿಟ್ಟಿದ್ದ ಒಬ್ಬ ಸಂಗೀತಗಾರನ ದನಿ ಒಂದು ಊರಿನ ಬಿಸಿ ಇಳಿಸಲು ನೆರವಾಯಿತು. ಒಂದೇ ತಿಂಗಳಿಗೆ, ನವೆಂಬರ್ 9ಕ್ಕೆ, ಬರ್ಲಿನ್ ಗೋಡೆ ಬಿತ್ತು.

ಇದಾಗಿ ವರ್ಷದ ಮೇಲೆ, ಅದೇ ಊರಿನ ದಕ್ಷಿಣದ ಕಾನೆವಿಟ್ಸ್ ಬಡಾವಣೆಯ ಐಸ್‌ಕೆಲ್ಲರ್ ಎಂಬ ಯುವಜನ ಕ್ಲಬ್ಬಿನಲ್ಲಿ ನಾರ್ವೆಯ ತಂಡವೊಂದರ ನಾಲ್ವರು ಹುಡುಗರು ವೇದಿಕೆ ಹತ್ತಿದರು. ತಂಡದ ಹೆಸರು ಮೇಹೆಮ್. ಹಾಡುವವನು ಡೆಡ್, ಗಿಟಾರ್ ಯೂರೋನಿಮಸ್, ಬೇಸ್ ನೆಕ್ರೊಬುಚರ್, ಡ್ರಮ್ಸ್ ಹೆಲ್‌ಹ್ಯಾಮರ್. ಎಲ್ಲರಿಗೂ 21-22ರ ಪ್ರಾಯ. ಹೆಚ್ಚುಕಡಿಮೆ ಮುಕ್ಕಾಲು ಗಂಟೆಯ ಆ ಕಚೇರಿ ಟೇಪಿನಲ್ಲಿ ಉಳಿಯಿತು. 1993ರಲ್ಲಿ ಅದು ‘ಲೈವ್ ಇನ್ ಲೈಪ್‌ಜಿಗ್’ ಹೆಸರಿನಲ್ಲಿ ಹೊರಬಂದಾಗ ಹಾಡಿದವನು ಬದುಕಿರಲಿಲ್ಲ. ಗಿಟಾರ್ ನುಡಿಸಿದವನೂ ಅದೇ ವರ್ಷದ ಆಗಸ್ಟ್‌ನಲ್ಲಿ ಕೊಲೆಯಾದ. ಬ್ಲ್ಯಾಕ್ ಮೆಟಲ್ ಎಂಬ ಸಂಗೀತದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಈ ಸಾವುಗಳಿಂದಲೇ ಶುರುಮಾಡುತ್ತಾರೆ. ನಾನು ಆ ಸೋಮವಾರದಿಂದ ಶುರುಮಾಡಿದ್ದೇನೆ. ಈ ಹುಡುಗರು ಏನು ಕೆಲಸ ಮಾಡುತ್ತಿದ್ದರು, ಅದು ಎಷ್ಟು ಚೆನ್ನಾಗಿ ಬರುತ್ತಿತ್ತು ಎನ್ನುವುದಕ್ಕೆ ಆ ಟೇಪಿಗಿಂತ ದೊಡ್ಡ ಸಾಕ್ಷಿ ಇಲ್ಲ.

ಮೇಹೆಮ್ ಹುಟ್ಟಿದ್ದು 1984ರಲ್ಲಿ, ಓಸ್ಲೊ ಪಕ್ಕದ ಸಣ್ಣ ಊರುಗಳ ಶಾಲಾ ಹುಡುಗರ ನಡುವೆ. ಯೂರೋನಿಮಸ್‌ನ ನಿಜ ಹೆಸರು ಓಯ್‌ಸ್ಟೈನ್ ಆರ್ಸೆತ್. ಇಂಗ್ಲೆಂಡಿನ ವೆನಮ್ ತಂಡ 1982ರಲ್ಲಿ ‘ಬ್ಲ್ಯಾಕ್ ಮೆಟಲ್’ ಎಂಬ ಆಲ್ಬಮ್ ತಂದಿತ್ತು. ಸ್ವೀಡನ್ನಿನ ಬಾಥೊರಿ, ಸ್ವಿಟ್ಜರ್ಲೆಂಡಿನ ಹೆಲ್‌ಹ್ಯಾಮರ್ ತಂಡಗಳು ಅದನ್ನು ಇನ್ನಷ್ಟು ಒರಟು ಮಾಡಿದ್ದವು. ಇವನ್ನೆಲ್ಲ ಕೇಳಿ ಬೆಳೆದ ಹುಡುಗರು 1987ರಲ್ಲಿ ‘ಡೆತ್‌ಕ್ರಷ್’ ಎಂಬ ಕಿರು ತಟ್ಟೆಯನ್ನು ತಾವೇ ಹೊರತಂದರು. ಅಚ್ಚಾದದ್ದು 1,000 ಪ್ರತಿ. ಅದರ ಮೊದಲಿಗೆ ಬರುವ ತಾಳವಾದ್ಯದ ತುಣುಕು ಕಾನ್ರಾಡ್ ಶ್ನಿಟ್ಸ್‌ಲರ್ ಅವರದು. ಬರ್ಲಿನ್ನಿನ ಎಲೆಕ್ಟ್ರಾನಿಕ್ ಸಂಗೀತದ ಹಿರಿಯರಲ್ಲಿ ಒಬ್ಬರು ಅವರು. ಯೂರೋನಿಮಸ್ ಅವರ ಮನೆಗೇ ಹೋಗಿ ಸಂಗೀತ ಕೇಳಿದ, ಅವರು ಕೊಟ್ಟರು. ಈ ಹುಡುಗರು ಬರೀ ಗದ್ದಲಕ್ಕೆ ಬಿದ್ದವರು ಎನ್ನುವವರು ಈ ಒಂದು ಸಂಗತಿಯನ್ನು ಗಮನಿಸಬೇಕು. ಸದ್ದಿನ ವಿಷಯದಲ್ಲಿ ಯೂರೋನಿಮಸ್‌ನ ಹಸಿವು ದೊಡ್ಡದಿತ್ತು.

1988ರಲ್ಲಿ ತಂಡಕ್ಕೆ ಇಬ್ಬರು ಹೊಸಬರು ಬಂದರು. ಡ್ರಮ್ಸ್‌ಗೆ ಯಾನ್ ಆಕ್ಸೆಲ್ ಬ್ಲೊಂಬೆರ್ಗ್. ಮೇಲೆ ಹೇಳಿದ ಸ್ವಿಸ್ ತಂಡದ ಹೆಸರನ್ನೇ ಇವನು ತನಗೆ ಇಟ್ಟುಕೊಂಡಿದ್ದ. ಹಾಡಲು ಸ್ವೀಡನ್ನಿನಿಂದ ಪೇರ್ ಇಂಗ್ವೆ ಓಲಿನ್ ಬಂದ. ಸ್ಟಾಕ್‌ಹೋಮ್‌ನ ಮಾರ್ಬಿಡ್ ಎಂಬ ತಂಡದಲ್ಲಿ ಹಾಡುತ್ತಿದ್ದವನು. ಅವನೇ ಡೆಡ್. ಚಿಕ್ಕಂದಿನಲ್ಲಿ ಶಾಲೆಯ ಹುಡುಗರ ಹೊಡೆತಕ್ಕೆ ಸಿಕ್ಕು ಗುಲ್ಮ ಒಡೆದು ಸಾವಿನ ಬಾಗಿಲವರೆಗೂ ಹೋಗಿ ಬಂದಿದ್ದನೆಂದು ಅವನ ತಮ್ಮ ಮುಂದೆ ಹೇಳಿದ್ದಾನೆ. ಆ ಪೆಟ್ಟು ಅವನನ್ನು ಬಿಡಲೇ ಇಲ್ಲ. ಮುಖಕ್ಕೆ ಬಿಳಿ ಬಳಿದು ಕಣ್ಣ ಸುತ್ತ ಕಪ್ಪು ತೀಡಿಕೊಳ್ಳುವ ಪದ್ಧತಿ ರಾಕ್ ಸಂಗೀತದಲ್ಲಿ ಮೊದಲೂ ಇತ್ತು. ಇವನು ಹಾಗೆ ಬಳಿದುಕೊಂಡದ್ದು ಹೆಣದ ಹಾಗೆ ಕಾಣಬೇಕೆಂದು. ಕಚೇರಿಗೆ ತೊಡುವ ಬಟ್ಟೆಯನ್ನು ಮಣ್ಣಲ್ಲಿ ಹೂತಿಟ್ಟು, ದಿನ ಕಳೆದ ಮೇಲೆ ತೆಗೆದು ತೊಡುತ್ತಿದ್ದ. ಅವನ ಜೊತೆಗಾರರು ಇದನ್ನು ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ಓದುವವರಿಗೆ ಇದು ಮೋಜಿನ ಕತೆ. ನನಗೆ ಇದರಲ್ಲಿ ಕಾಣುವುದು ಕಾಯಿಲೆಯಲ್ಲಿದ್ದ, ಯಾರೂ ಕೈಹಿಡಿದು ವೈದ್ಯರ ಹತ್ತಿರ ಕರೆದೊಯ್ಯದ ಒಬ್ಬ ಹುಡುಗ.

ತಂಡ ಕ್ರೋಕ್‌ಸ್ಟಾಡ್ ಎಂಬಲ್ಲಿ ಒಂದು ಹಳೆಯ ಮನೆಯಲ್ಲಿ ಒಟ್ಟಿಗೆ ವಾಸವಿತ್ತು. ದುಡ್ಡಿಗೆ ತತ್ವಾರ. ನಾರ್ವೆಯಲ್ಲಿ ಕಚೇರಿಗಳೂ ಅಪರೂಪ. 1990ರ ಫೆಬ್ರವರಿಯಲ್ಲಿ ಯೆಸ್‌ಹೈಮ್ ಮತ್ತು ಸಾರ್ಪ್ಸ್‌ಬೋರ್ಗ್ ಊರುಗಳಲ್ಲಿ ನುಡಿಸಿದರು, ಅಷ್ಟೆ. ಆದರೆ ಹೆಸರು ಮಾತ್ರ ದೂರ ದೂರಕ್ಕೆ ಹಬ್ಬಿತ್ತು. ಹಬ್ಬಿಸಿದ್ದು ಅಂಚೆ ಇಲಾಖೆ!

ಆ ಕಾಲದಲ್ಲಿ ಇಂಥ ಸಂಗೀತವನ್ನು ರೇಡಿಯೊಗಳು ಹಾಕುವುದೇ ಅಪರೂಪ, ದೊಡ್ಡ ಅಂಗಡಿಗಳು ಮಾರುವುದೂ ಅಪರೂಪ. ಅಭಿಮಾನಿಗಳು ಒಬ್ಬರಿಗೊಬ್ಬರು ಕಾಗದ ಬರೆದು ಕ್ಯಾಸೆಟ್ ಕಳಿಸಿಕೊಳ್ಳುತ್ತಿದ್ದರು. ನಾರ್ವೆಯಿಂದ ಪೋಲೆಂಡಿಗೆ, ಅಲ್ಲಿಂದ ಬ್ರೆಜಿಲ್ಲಿಗೆ, ಬ್ರೆಜಿಲ್ಲಿನಿಂದ ಮತ್ತೆ ಯೂರೋಪಿಗೆ. ಅಂಚೆಚೀಟಿಯ ಮೇಲೆ ತೆಳ್ಳಗೆ ಅಂಟು ಸವರಿ ಕಳಿಸಿದರೆ, ಮುಟ್ಟಿದವರು ನೀರಲ್ಲಿ ನೆನೆಸಿ ಅಂಚೆ ಮುದ್ರೆಯನ್ನು ತೊಳೆದು, ಅದೇ ಚೀಟಿಯನ್ನು ಲಕೋಟೆಯೊಳಗಿಟ್ಟು ವಾಪಸು ಕಳಿಸುತ್ತಿದ್ದರು. ಒಂದು ಚೀಟಿ ಹೀಗೆ ನಾಲ್ಕಾರು ಸಲ ಸಮುದ್ರ ದಾಟಬಹುದಿತ್ತು.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸುವಾಗ ಆಗುವುದೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಮಾಧವರಂನಲ್ಲಿ, ಮಂತ್ರಾಲಯ, ಆದೋನಿ, ಕೋಸಿಗಿಗಳ ಸುತ್ತಮುತ್ತ, ಭಜನೆಯವರ ದಾಸರ ಪದ, ತತ್ವಪದಗಳು ಹೀಗೇ ಮನೆಯಿಂದ ಮನೆಗೆ ದಾಟುತ್ತಿದ್ದವು. ಯಾರೋ ಏಕಾದಶಿ ಭಜನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು, ಅದರಿಂದ ಇನ್ನೊಬ್ಬರು ಇಳಿಸಿಕೊಂಡದ್ದು, ಅವರಿಂದ ಮತ್ತೊಬ್ಬರು. ಪ್ರತಿ ಸಲ ತಾಳದ ಕಿಣಿಕಿಣಿ ಒಂದಿಷ್ಟು ಸವೆಯುತ್ತದೆ, ಸುಯ್ ಎನ್ನುವ ಸದ್ದು ಒಂದಿಷ್ಟು ಏರುತ್ತದೆ. ಇನ್ನೊಂದು ಯಂತ್ರದ ಮೋಟಾರು ತುಸು ಜೋರಾಗಿ ತಿರುಗಿದರೆ ಹಾಡಿದವರ ಶ್ರುತಿಯೇ ಏರಿಬಿಡುತ್ತದೆ. ಐದಾರು ಕೈ ದಾಟಿದ ಕ್ಯಾಸೆಟ್ಟಿನಲ್ಲಿ ಹಾಡುವವರು ಗೋಡೆಯಾಚೆ ಕೂತಂತೆ ಕೇಳುತ್ತದೆ. ಆದರೂ ಆ ರಾತ್ರಿ ಆ ಕಟ್ಟೆಯ ಮೇಲೆ ಹಾಡಿದವರ ಉಸಿರು ಅದರಲ್ಲಿ ಇರುತ್ತದೆ. ಸ್ಟುಡಿಯೊದಲ್ಲಿ ಸಿದ್ಧವಾದ ಕ್ಯಾಸೆಟ್ಟು ಅಂಗಡಿಯಲ್ಲಿ ಸಿಗುತ್ತಿದ್ದರೂ ಜನ ಇದನ್ನೇ ಹುಡುಕುತ್ತಿದ್ದುದು ಅದಕ್ಕೇ. ಯೂರೋಪಿನ ಮೆಟಲ್ ಹುಡುಗರಿಗೂ ಕಚೇರಿಯ ಟೇಪು ಇಷ್ಟೇ ಅಮೂಲ್ಯ. ಕಿವಿ ಆ ಸುಯ್ಗುಡುವ ಸದ್ದಿಗೇ ಒಗ್ಗಿಕೊಂಡಿತ್ತು. ಬ್ಲ್ಯಾಕ್ ಮೆಟಲ್ ಮುಂದೆ ಬೇಕೆಂದೇ ಒರಟು ಧ್ವನಿಮುದ್ರಣವನ್ನು ಅಪ್ಪಿಕೊಂಡದ್ದರಲ್ಲಿ ಈ ಅಭ್ಯಾಸದ ಪಾಲು ದೊಡ್ಡದೆಂದು ನನ್ನ ಎಣಿಕೆ.

ಪೂರ್ವ ಜರ್ಮನಿಯ ಹುಡುಗರಿಗಂತೂ ಕ್ಯಾಸೆಟ್ಟೇ ಗತಿಯಾಗಿತ್ತು. ಅಲ್ಲಿ ತಂಡ ಕಟ್ಟಿದವರು ಅಧಿಕಾರಿಗಳ ಮುಂದೆ ನುಡಿಸಿ ತೋರಿಸಿ, ಅವರು ದರ್ಜೆ ನಿಗದಿಮಾಡಿ ಪರವಾನಗಿ ಕೊಟ್ಟರೆ ಮಾತ್ರ ವೇದಿಕೆ ಹತ್ತಬಹುದಿತ್ತು. ಉದ್ದ ಕೂದಲು ಬಿಟ್ಟು ಚರ್ಮದ ಅಂಗಿ ತೊಟ್ಟ ಮೆಟಲ್ ಹುಡುಗರ ಮೇಲೆ ಗುಪ್ತ ಪೊಲೀಸ್ ಸ್ಟಾಸಿ ಕಣ್ಣಿಟ್ಟು ಕಡತ ಬರೆಯುತ್ತಿತ್ತು. ಪಶ್ಚಿಮದ ತಟ್ಟೆಗಳನ್ನು ಹಂಗೆರಿಗೆ ಹೋಗಿ ತರಬೇಕು, ಇಲ್ಲವೆ ಅಜ್ಜಿಯಂದಿರು ಗಡಿ ದಾಟಿ ಬರುವಾಗ ಚೀಲದಲ್ಲಿ ಬಚ್ಚಿಟ್ಟು ತರಬೇಕು. ಡಿಟಿ64 ಎಂಬ ಸರಕಾರಿ ಯುವ ಬಾನುಲಿಯಲ್ಲಿ ಬರುತ್ತಿದ್ದ ಹೆವಿ ಮೆಟಲ್ ಕಾರ್ಯಕ್ರಮವೊಂದನ್ನು ಹುಡುಗರು ತಪ್ಪದೆ ಟೇಪು ಮಾಡಿಕೊಳ್ಳುತ್ತಿದ್ದರು. ಅಲ್ಲಿನ ಸರಕಾರಿ ಸಂಸ್ಥೆ ಅಮಿಗಾ 1986ರಲ್ಲಿ ಫಾರ್ಮೆಲ್ ಐನ್ಸ್ ಎಂಬ ಬರ್ಲಿನ್ ತಂಡದ ಹೆವಿ ಮೆಟಲ್ ತಟ್ಟೆಯೊಂದನ್ನು ತಂದಿತು. ಅದೂ ಕಚೇರಿಯ ಮುದ್ರಣವೇ, ಉಕ್ಕಿನ ಕಾರ್ಖಾನೆಯೊಂದರಲ್ಲಿ ನಡೆದದ್ದು.

ಮೇಹೆಮ್ ಬಂದಾಗ ಈ ಲೋಕವೆಲ್ಲ ತಲೆಕೆಳಗಾಗಿತ್ತು. 1990ರ ಜುಲೈ 1ರಂದು ಹಳೆಯ ನೋಟು ಹೋಗಿ ಪಶ್ಚಿಮದ ಮಾರ್ಕ್ ಬಂತು. ಅಕ್ಟೋಬರ್ 3ರಂದು ಎರಡು ಜರ್ಮನಿಗಳು ಒಂದಾದವು. ಕಾರ್ಖಾನೆಗಳು ಮುಚ್ಚುತ್ತಿದ್ದವು. ಪೊಲೀಸರಿಗೆ ತಮ್ಮ ಅಧಿಕಾರ ಎಲ್ಲಿಯವರೆಗೆ ಎಂಬುದೇ ತಿಳಿಯದ ದಿನಗಳು. ಅದೇ ನವೆಂಬರ್ 3ರಂದು ಲೈಪ್‌ಜಿಗ್‌ನಲ್ಲಿ ಫುಟ್‌ಬಾಲ್ ಗಲಾಟೆಯಲ್ಲಿ ಪೊಲೀಸರ ಗುಂಡಿಗೆ 18 ವರ್ಷದ ಹುಡುಗ ಸತ್ತಿದ್ದ. ಒಂದಾದ ದೇಶದ ಮೊದಲ ಚುನಾವಣೆ ಡಿಸೆಂಬರ್ 2ಕ್ಕೆ, ಅಂದರೆ ಕಚೇರಿ ನಡೆದ ವಾರದ ಭಾನುವಾರ. ಕಾನೆವಿಟ್ಸ್‌ನ ಪಾಳುಬಿದ್ದ ಮನೆಗಳಿಗೆ ವಿದ್ಯಾರ್ಥಿಗಳು, ಪಂಕ್ ಹುಡುಗರು ಹೇಳದೆ ಕೇಳದೆ ಬಂದು ಸೇರಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಊರಿನ ತುಂಬ ಕಂದು ಕಲ್ಲಿದ್ದಲ ಹೊಗೆ. ಹಳೆಯ ಪರವಾನಗಿ ಪದ್ಧತಿ ಹೋಗಿತ್ತು, ಹೊಸದು ಬಂದಿರಲಿಲ್ಲ. ನಾರ್ವೆಯಲ್ಲೇ ವೇದಿಕೆ ಸಿಗದ ತಂಡವೊಂದು ಅಲ್ಲಿ ನುಡಿಸಲು ಸಾಧ್ಯವಾದದ್ದು ಈ ನಡುಗಾಲದಲ್ಲಿ. ಕಚೇರಿ ಏರ್ಪಡಿಸಿದವರು ಆಬೊ ಆಲ್ಸ್‌ಲೇಬೆನ್ ಎಂಬ ಅಲ್ಲಿನ ತರುಣ. ಬ್ಲ್ಯಾಕ್ ಮೆಟಲ್ಲನ್ನು ಪೂರ್ವ ಜರ್ಮನಿಗೆ ತಾನು ಹೇಗೆ ತಂದೆ ಎಂದು ಅವರು ಮುಂದೆ ಒಂದು ಪುಸ್ತಕವನ್ನೇ ಬರೆದರು.

ಟೇಪಿನಲ್ಲಿ ಮೊದಲು ಬರುವುದು ‘ಡೆತ್‌ಕ್ರಷ್’. ಆಮೇಲೆ ‘ನೆಕ್ರೊಲಸ್ಟ್’. ಎರಡೂ 1987ರ ತಟ್ಟೆಯ ಹಾಡುಗಳು, ಡೆಡ್ ಬರುವುದಕ್ಕೂ ಮುಂಚಿನವು. ಮೂರನೆಯದಾದ ‘ಫ್ಯೂನರಲ್ ಫಾಗ್’ ಶುರುವಾದಾಗ ತಂಡವೇ ಬದಲಾದ ಹಾಗಾಗುತ್ತದೆ. ಹಳೆಯ ಹಾಡುಗಳಲ್ಲಿ ಗಿಟಾರ್ ಒಂದೊಂದು ಪೆಟ್ಟನ್ನೂ ಬಿಡಿಬಿಡಿಯಾಗಿ ಹೊಡೆಯುತ್ತದೆ. ಇಲ್ಲಿ ಒಂದೇ ತಂತಿಯ ಮೇಲೆ ಕಡ್ಡಿಯನ್ನು ಬಿಡುವಿಲ್ಲದೆ ಮೇಲೆ ಕೆಳಗೆ ಆಡಿಸುತ್ತ ಯೂರೋನಿಮಸ್ ಸ್ವರವನ್ನು ಎಳೆದು ಹಿಡಿಯುತ್ತಾನೆ. ಕೆಳಗೆ ಹೆಲ್‌ಹ್ಯಾಮರ್‌ನ ಡ್ರಮ್ಸ್ ಎಷ್ಟು ವೇಗವೆಂದರೆ ಕಿವಿ ಪೆಟ್ಟುಗಳನ್ನು ಎಣಿಸುವುದನ್ನು ಬಿಟ್ಟುಬಿಡುತ್ತದೆ. ಅಷ್ಟು ವೇಗದ ಮೇಲೆ ರಾಗ ಮಾತ್ರ ನಿಧಾನವಾಗಿ ಹೊರಳುತ್ತದೆ. ಈ ವೇಗ ಮತ್ತು ಈ ನಿಧಾನ ಒಟ್ಟಿಗೆ ಕೂಡುವುದೇ ಬ್ಲ್ಯಾಕ್ ಮೆಟಲ್ಲಿನ ಗುಟ್ಟು. 1990ರ ದಶಕದಲ್ಲಿ ನಾರ್ವೆಯಿಂದ ಬಂದ ಬ್ಲ್ಯಾಕ್ ಮೆಟಲ್ ತಂಡಗಳಲ್ಲಿ ಹಲವು ಇದನ್ನೇ ಹಿಡಿದು ಬೆಳೆದವು.

ಮುಂದಿನದು ‘ಫ್ರೀಜಿಂಗ್ ಮೂನ್’. ಹಾಡಿಗೆ ಮುಂಚೆ ಡೆಡ್ ಸಭೆಗೆ ಒಂದೆರಡು ಮಾತು ಹೇಳುತ್ತಾನೆ. ಅವನ ಇಂಗ್ಲಿಷಿನಲ್ಲಿ ಸ್ವೀಡನ್ನಿನ ವಾಸನೆ ಇದೆ. ಆಮೇಲೆ ಗಿಟಾರಿನಲ್ಲಿ ಆ ಪ್ರಸಿದ್ಧ ಸ್ವರಗುಚ್ಛ ಬಿಡಿಸಿಕೊಳ್ಳುತ್ತ ಬರುತ್ತದೆ. ಲಯ ಆತುರವಿಲ್ಲದ್ದು. ಡೆಡ್‌ನ ಗಂಟಲು ಹರಿದ ಗಂಟಲು, ಆದರೆ ಪದಗಳು ಸ್ಪಷ್ಟ. ಅವನು ಕಿರುಚುವುದಿಲ್ಲ, ಹೇಳುತ್ತಾನೆ. ನಡುವೆ ಲಯ ಬಿಗಿದು ಓಡತೊಡಗಿದಾಗ ಯೂರೋನಿಮಸ್ ಒಬ್ಬನೇ ಗಿಟಾರ್ ಹಿಡಿದು ಮೇಲೇರುತ್ತಾನೆ. ತಂಡದಲ್ಲಿ ಇದ್ದುದು ಒಂದೇ ಗಿಟಾರ್. ಹಾಗಾಗಿ ಅವನು ಮೇಲೇರಿದ ಕೂಡಲೇ ಕೆಳಗಿನ ಪಾಯ ಖಾಲಿಯಾಗುತ್ತದೆ. ಸ್ಟುಡಿಯೊದಲ್ಲಾದರೆ ಇನ್ನೊಂದು ಗಿಟಾರ್ ಸೇರಿಸಿ ತುಂಬಿಬಿಡುತ್ತಾರೆ. ಇಲ್ಲಿ ಬೇಸ್ ಮತ್ತು ಡ್ರಮ್ಸ್ ಎರಡೇ ಆ ಖಾಲಿಯನ್ನು ಹೊರಬೇಕು, ನೆಕ್ರೊಬುಚರ್ ಹೊರುತ್ತಾನೆ. ಮುಂದೆ ಸ್ಟುಡಿಯೊದಲ್ಲಿ ಹಿಡಿದ ‘ಫ್ರೀಜಿಂಗ್ ಮೂನ್’ನಲ್ಲಿ ಈ ಅಪಾಯ ಇಲ್ಲ. ನನಗೆ ಇಡೀ ಟೇಪಿನಲ್ಲಿ ಅತಿ ಪ್ರಿಯವಾದ ಗಳಿಗೆ ಇದು.

‘ಕಾರ್ನೇಜ್’, ‘ಬರೀಡ್ ಬೈ ಟೈಮ್ ಆ್ಯಂಡ್ ಡಸ್ಟ್’, ‘ಪೇಗನ್ ಫಿಯರ್ಸ್’ ಎಂದು ಕಚೇರಿ ಮುಂದುವರಿದು 1986ರ ಹಳೆಯ ಡೆಮೊದ ಹೆಸರು ಹೊತ್ತ ಹಾಡಿನೊಂದಿಗೆ ಮುಗಿಯುತ್ತದೆ.

ಆ ಪ್ರವಾಸದಲ್ಲಿ ಅವರು ಟರ್ಕಿಯ ಇಜ್ಮಿರ್‌ವರೆಗೂ ಹೋದರು. ಮನೆಗೆ ಮರಳಿದ ಮೇಲಿನ ಕತೆ ಕೆಟ್ಟದ್ದು. 1991ರ ಏಪ್ರಿಲ್ 8ರಂದು ಡೆಡ್ ಕ್ರೋಕ್‌ಸ್ಟಾಡ್‌ನ ಆ ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ. ವಯಸ್ಸು 22. ಮೊದಲು ನೋಡಿದ ಯೂರೋನಿಮಸ್ ಪೊಲೀಸರಿಗೆ ತಿಳಿಸುವುದಕ್ಕೂ ಮುಂಚೆ ಫೋಟೊ ತೆಗೆದ. ನೆಕ್ರೊಬುಚರ್ ಇದನ್ನು ಸಹಿಸಲಾರದೆ ತಂಡ ಬಿಟ್ಟ. ಅವನ ಸಿಟ್ಟು ನ್ಯಾಯವಾದದ್ದು. 1995ರಲ್ಲಿ ಕೊಲಂಬಿಯಾದಿಂದ ಯಾರೋ ಸಾರ್ಪ್ಸ್‌ಬೋರ್ಗ್ ಕಚೇರಿಯ ಕಳ್ಳ ಪ್ರತಿಯೊಂದನ್ನು ಹೊರತಂದು, ಅದಕ್ಕೆ ಆ ಫೋಟೊಗಳಲ್ಲೊಂದನ್ನೇ ಮುಖಪುಟ ಮಾಡಿದರು. ಆ ತಟ್ಟೆಗೆ ಇವತ್ತೂ ಗಿರಾಕಿಗಳಿದ್ದಾರೆ. ಸತ್ತವನೊಬ್ಬನ ಕೊನೆಯ ಗಳಿಗೆಯನ್ನು ಮಾರಾಟಕ್ಕಿಟ್ಟದ್ದನ್ನು ಸಂಗೀತದ ಹೆಸರಿನಲ್ಲಿ ಒಪ್ಪಲಾಗದು. ಅವನ ಮನೆಯವರು ಇನ್ನೂ ಇದ್ದಾರೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಯೂರೋನಿಮಸ್ 1991ರಲ್ಲಿ ಓಸ್ಲೊದಲ್ಲಿ ಹೆಲ್ವೆಟೆ ಎಂಬ ತಟ್ಟೆಯಂಗಡಿ ತೆರೆದ. ಅದರ ಸುತ್ತ ಸೇರಿದ ಹುಡುಗರಲ್ಲಿ ಕೆಲವರು ಚರ್ಚುಗಳಿಗೆ ಬೆಂಕಿಯಿಟ್ಟರು. 1992ರ ಜೂನ್ 6ರಂದು ಬರ್ಗೆನ್‌ನ ಫಾಂಟಾಫ್ಟ್ ಮರದ ಚರ್ಚು ಸುಟ್ಟುಹೋಯಿತು. ಶತಮಾನಗಳ ಕುಸುರಿ ಕೆಲಸ ಒಂದು ರಾತ್ರಿಗೆ ಬೂದಿ. 1993ರ ಆಗಸ್ಟ್ 10ರಂದು ಯೂರೋನಿಮಸ್‌ನನ್ನು ತಂಡದಲ್ಲಿ ಬೇಸ್ ನುಡಿಸಿದ್ದ ವಾರ್ಗ್ ವಿಕೆರ್ನೆಸ್ ಇರಿದು ಕೊಂದ. ಮರುವರ್ಷ ನ್ಯಾಯಾಲಯ ಅವನಿಗೆ 21 ವರ್ಷ ಶಿಕ್ಷೆ ಕೊಟ್ಟಿತು. ಪತ್ರಿಕೆಗಳಿಗೆ ಇದು ಸುಗ್ಗಿ. ಬ್ಲ್ಯಾಕ್ ಮೆಟಲ್ ಎಂದರೆ ಕೊಲೆ ಮತ್ತು ಬೆಂಕಿ ಎಂಬ ಮಾತು ಆಗ ಊರಿದ್ದು ಇಂದಿಗೂ ಕಿತ್ತಿಲ್ಲ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅಲ್ಲೇ ಮೆಟಾಲಿಕಾ ನುಡಿಸಿದಾಗ ಹೋಗಿ ನೋಡಿದವರಿಗೆ ಗೊತ್ತು, ಮೆಟಲ್ ಕಚೇರಿಗೆ ಬರುವ ಜನ ಕಪ್ಪಂಗಿ ತೊಟ್ಟ ಕಾಲೇಜು ಹುಡುಗ ಹುಡುಗಿಯರು, ಕೆಲಸ ಮುಗಿಸಿ ಬಂದ ಇಂಜಿನಿಯರುಗಳು. ಕೈಯೆತ್ತಿ ಹಾಡು ಒಪ್ಪಿಸಿ ಮನೆಗೆ ಹೋಗುವವರು.

ಲೈಪ್‌ಜಿಗ್ ಟೇಪನ್ನು ಹೊರತಂದದ್ದು ಇಟಲಿಯ ಅಬ್ಸ್‌ಕ್ಯೂರ್ ಪ್ಲಾಸ್ಮಾ ಎಂಬ ಪುಟ್ಟ ಸಂಸ್ಥೆ. ಆ ಟೇಪು ಯಾಕೆ ಅಷ್ಟು ಮುಖ್ಯವೆಂದರೆ, ಡೆಡ್ ಮೇಹೆಮ್ ಜೊತೆ ಸ್ಟುಡಿಯೊದಲ್ಲಿ ಹಾಡಿ ಹೊರಬಂದದ್ದು ‘ಫ್ರೀಜಿಂಗ್ ಮೂನ್’, ‘ಕಾರ್ನೇಜ್’ ಎಂಬ ಎರಡೇ ಹಾಡು, ಅದೂ ಹಲವು ತಂಡಗಳ ಒಂದು ಸಂಕಲನಕ್ಕಾಗಿ. ಅವನು ಬರೆದ ಹಾಡುಗಳಿಗಾಗಿ ತಂಡ ವರ್ಷಗಟ್ಟಲೆ ದುಡಿದ ‘ಡೆ ಮಿಸ್ಟೇರಿಸ್ ಡೊಮ್ ಸಥಾನಸ್’ ಆಲ್ಬಮ್ ಬಂದದ್ದು 1994ರ ಮೇ ತಿಂಗಳಲ್ಲಿ. ಬರ್ಗೆನ್‌ನ ಗ್ರೀಗ್ ಸಭಾಂಗಣದಲ್ಲಿ ಪಿಟ್ಟೆನ್ ಎಂಬ ನುರಿತ ತಂತ್ರಜ್ಞ ಧ್ವನಿ ಹಿಡಿದರು. ಹಾಡಿದ್ದು ಹಂಗೆರಿಯ ಅಟ್ಟಿಲಾ ಚಿಹಾರ್. ಅದರ ಎಂಟು ಹಾಡುಗಳಲ್ಲಿ ನಾಲ್ಕು ಲೈಪ್‌ಜಿಗ್‌ನಲ್ಲಿ ಆಗಲೇ ನುಡಿಸಿದ್ದವು: ‘ಫ್ಯೂನರಲ್ ಫಾಗ್’, ‘ಫ್ರೀಜಿಂಗ್ ಮೂನ್’, ‘ಪೇಗನ್ ಫಿಯರ್ಸ್’, ‘ಬರೀಡ್ ಬೈ ಟೈಮ್ ಆ್ಯಂಡ್ ಡಸ್ಟ್’. ಅಟ್ಟಿಲಾ ಆ ಪದಗಳನ್ನು ಮಂತ್ರದ ಹಾಗೆ, ಒಮ್ಮೊಮ್ಮೆ ಒಪೆರಾದ ಹಾಗೆ ಹೇಳುತ್ತಾನೆ. ಅದೂ ದೊಡ್ಡ ಕೆಲಸವೇ. ಆದರೆ ಬರೆದವನ ಬಾಯಲ್ಲಿ ಆ ಪದಗಳು ಹೇಗಿದ್ದವು ಎಂಬುದಕ್ಕೆ ಮುಖ್ಯ ದಾಖಲೆ ಆ ಸೋಮವಾರದ ಟೇಪು.

ಪೀಸ್‌ವಿಲ್ ಸಂಸ್ಥೆ 2015ರಲ್ಲಿ ಅದನ್ನು ಮತ್ತೆ ತಂದಿತು. ಬೆನ್ನಿಗೇ ಅದೇ ಪ್ರವಾಸದ ಝೈಟ್ಸ್ ಊರಿನ ಕಚೇರಿ, ಆಮೇಲೆ ಯೆಸ್‌ಹೈಮ್, ಸಾರ್ಪ್ಸ್‌ಬೋರ್ಗ್ ಕಚೇರಿಗಳೂ ಸರಿಯಾದ ರೀತಿಯಲ್ಲಿ ಬಂದವು. ಐಸ್‌ಕೆಲ್ಲರ್ 1991ರಿಂದ ಕಾನೆ ಐಲ್ಯಾಂಡ್ ಎಂಬ ಹೊಸ ಹೆಸರಿನಲ್ಲಿ ನಡೆಯಿತು. ನೆಕ್ರೊಬುಚರ್ ಮತ್ತು ಹೆಲ್‌ಹ್ಯಾಮರ್ ಸೇರಿ ತಂಡವನ್ನು ಮತ್ತೆ ಕಟ್ಟಿದರು, ಅಟ್ಟಿಲಾ ಅವರ ಜೊತೆಗೆ ಮರಳಿ ಬಂದು ಹಾಡುತ್ತಿದ್ದಾನೆ. ಈ ಸಂಗೀತಕ್ಕೆ ಹೊಸದಾಗಿ ಕಿವಿಗೊಡುವವರು ಯಾರಾದರೂ ಕೇಳಿದರೆ ನಾನು 1994ರ ಆಲ್ಬಮ್ಮಿನ ‘ಫ್ರೀಜಿಂಗ್ ಮೂನ್’ ಮೊದಲು ಹಾಕಿ, ಕೂಡಲೇ ಲೈಪ್‌ಜಿಗ್‌ನದನ್ನು ಹಾಕಲು ಹೇಳುತ್ತೇನೆ. ಎರಡನೆಯದರಲ್ಲಿ ಸದ್ದು ಜಾಸ್ತಿ ಇಟ್ಟುಕೊಳ್ಳಬೇಕು, ಗಿಟಾರ್ ಒಂಟಿಯಾಗಿ ಮೇಲೇರುವ ಜಾಗದಲ್ಲಿ ಬೇಸಿನ ಕಡೆ ಕಿವಿ ಇಡಬೇಕು.